ಎಂಜಿನ್ ಇಳಿಸುವ ಮೊದಲು

ಮೂಡಿಗೆರೆಯೋ ಕಳಸವೋ ಸೋಮವಾರಪೇಟೆಯೋ, ಕಾಫಿ ಸೀಮೆಯ ಯಾವ ಪೇಟೆಗೆ ಹೋದರೂ ಊರು ಮುಗಿಯುವ ತಿರುವಿನಲ್ಲಿ ಒಂದು ಗ್ಯಾರೇಜು, ಅದರ ಮುಂದೆ ಬಾನೆಟ್ ಕಳಚಿಟ್ಟ ಒಂದು ಜೀಪು ಕಣ್ಣಿಗೆ ಬೀಳುತ್ತದೆ. ಮಳೆಗಾಲದಲ್ಲಾದರೆ ಮೂರೋ ನಾಲ್ಕೋ ಸಾಲಾಗಿ ನಿಂತಿರುತ್ತವೆ. ಕೊಯ್ಲು ಶುರುವಾಗುವ ಹೊತ್ತಿಗೆ ಜೀಪು ತೋಟಕ್ಕೆ ಮರಳಬೇಕು. ಆಮೇಲೆ ಕಾಫಿ ಮೂಟೆ, ಗೊಬ್ಬರ, ಆಳುಗಳು, ಮೆಣಸು ಕೊಯ್ಯುವ ಏಣಿ ಎಲ್ಲದಕ್ಕೂ ಅದೇ ಗತಿ. ಹಾಗಾಗಿ ‘ಎಂಜಿನ್ ಕೆಲಸ’ಕ್ಕೆ ಮಲೆನಾಡಿನಲ್ಲಿ ಆಷಾಢವೇ ಸುಗ್ಗಿ.

ಈ ಕೆಲಸದಲ್ಲಿ ಮೂರು ಬಗೆ. ಹೆಡ್ ಬಿಚ್ಚಿ ವಾಲ್ವ್ ಕೂರಿಸಿ, ಪಿಸ್ಟನ್ ರಿಂಗ್ ಬದಲಾಯಿಸಿ ಮುಗಿಸಿದರೆ ಅದು ಹಾಫ್ ಎಂಜಿನ್. ಬ್ಲಾಕನ್ನು ಚಾಸಿಯಿಂದ ಇಳಿಸಿ, ಬೋರ್ ಮಾಡಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಹೊಸದಾಗಿ ಕಟ್ಟಿದರೆ ಫುಲ್ ಎಂಜಿನ್. ಇದ್ದುದನ್ನು ಮೂಲೆಗೆ ತಳ್ಳಿ ಬೇರೆ ಗಾಡಿಯ ಎಂಜಿನ್ ತಂದು ಕೂರಿಸುವುದು ಮೂರನೆಯದು. ಯಾವುದು ಸರಿ ಎನ್ನುವ ಜಗಳ ಗ್ಯಾರೇಜಿನ ಬೆಂಚಿನ ಮೇಲೆ ಚಹಾದ ಜೊತೆ ದಿನವೂ ನಡೆಯುತ್ತದೆ. ಸಾಹುಕಾರರಿಗೆ ಹೊಸ ಎಂಜಿನ್ನಿನ ಆಸೆ, ಹಳೆಯ ಮೆಕ್ಯಾನಿಕ್ಕಿಗೆ ಹಳೆಯದರ ಮೇಲೆ ಮೋಹ. ತೀರ್ಪು ಹೇಳಬೇಕಾದವರು ಇವರಿಬ್ಬರೂ ಅಲ್ಲ, ಪಕ್ಕದ ಲೇತ್ ಅಂಗಡಿಯವನ ಕೈಯಲ್ಲಿರುವ ಬೋರ್ ಗೇಜು ಎಂಬುದು ನನ್ನ ಪಕ್ಷ.

ಜೀಪಿಗೆ ಎಂಜಿನ್ ಬದಲಾಯಿಸುವುದನ್ನು ಅಪಚಾರದಂತೆ ನೋಡುವವರಿದ್ದಾರೆ. ಅಂಥವರು ಅದರ ಚರಿತ್ರೆಯನ್ನೊಮ್ಮೆ ತಿರುವಿ ಹಾಕಬೇಕು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿದ್ದದ್ದು ‘ಗೋ ಡೆವಿಲ್’ ಎಂಬ 2199 ಸಿಸಿಯ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಅದರ ಎರಡೂ ಬಗೆಯ ವಾಲ್ವುಗಳು ಬ್ಲಾಕಿನಲ್ಲೇ ಇದ್ದವು. ಯುದ್ಧ ಮುಗಿದ ಮೇಲೆ ಅದೇ ಬೋರ್, ಅದೇ ಸ್ಟ್ರೋಕ್ ಇಟ್ಟುಕೊಂಡು ಒಳಸೇರುವ ವಾಲ್ವನ್ನು ಮಾತ್ರ ಹೆಡ್ಡಿಗೆ ಏರಿಸಿ ‘ಹರಿಕೇನ್’ ಮಾಡಿದರು. ಎಂಜಿನ್ ಎತ್ತರವಾಯಿತು, ಬಾನೆಟ್ ಮುಚ್ಚದಾಯಿತು. ಆಗ ಕಂಪನಿ ಎಂಜಿನ್ ಬಿಡಲಿಲ್ಲ, ಬಾನೆಟ್ಟನ್ನೇ ಎತ್ತರಿಸಿತು. 1953ರಲ್ಲಿ ಬಂದ ಸಿಜೆ-3ಬಿಯ ಉಬ್ಬಿದ ಮೂತಿಯ ಗುಟ್ಟು ಇದೇ. ನಮ್ಮಲ್ಲಿ ದಶಕಗಟ್ಟಲೆ ತಯಾರಾಗಿ, ‘ಜೀಪ್’ ಅಂದರೆ ಕಣ್ಣ ಮುಂದೆ ಬರುವ ಮುಖವೇ ಅದಾಯಿತು.

ಆ ಜೀಪನ್ನು ಇಲ್ಲಿಗೆ ತಂದ ಮಹೀಂದ್ರ ಕಂಪನಿ 1945ರಲ್ಲಿ ಹುಟ್ಟಿದ್ದು ‘ಮಹೀಂದ್ರ ಆ್ಯಂಡ್ ಮೊಹಮ್ಮದ್’ ಎಂಬ ಹೆಸರಿನಲ್ಲಿ. ಪಾಲುದಾರ ಗುಲಾಂ ಮೊಹಮ್ಮದ್ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಇಲ್ಲಿ ಹೆಸರಿನ ಎರಡನೇ ಅರ್ಧವೂ ಮಹೀಂದ್ರವಾಯಿತು. ಪೆಟ್ರೋಲ್ ದುಬಾರಿಯಾಗುತ್ತ ಬಂದಂತೆ ಅದೇ ಜೀಪಿನ ಮೂತಿಯೊಳಗೆ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ ಬಂತು. ಆಮೇಲೆ ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಎಕ್ಸ್‌ಡಿಪಿ 4.90. ಹೆಸರಲ್ಲೇ ಅದರ ಜಾತಕವಿದೆ: ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್, ಒಟ್ಟು 2112 ಸಿಸಿ. ಎಂಎಂ 540 ಜೀಪಿನಲ್ಲಿದ್ದದ್ದು ಇದೇ. ಬಳಿಕ ಬಂದದ್ದು 2523 ಸಿಸಿಯ ಡಿಐ. ಹೀಗೆ ಕಾರ್ಖಾನೆಯೇ ಎಂಜಿನ್ ಬದಲಿಸುತ್ತ ಬಂದ ಗಾಡಿಗೆ ಗ್ಯಾರೇಜಿನವನು ಇನ್ನೊಂದು ಎಂಜಿನ್ ಕೂರಿಸಿದರೆ ಅಷ್ಟೇನೂ ಮೈಲಿಗೆಯಾಗುವುದಿಲ್ಲ.

ಆದರೆ ಬದಲಿಸಲೇಬೇಕೇ?

ತೋಟದ ಜೀಪಿನ ವಿಷಯದಲ್ಲಿ ಕಿಲೋಮೀಟರಿನ ಲೆಕ್ಕ ನಂಬುವಂತಿಲ್ಲ. ಎಷ್ಟೋ ಜೀಪುಗಳಲ್ಲಿ ಮೀಟರು ಸತ್ತು ವರ್ಷಗಳಾಗಿರುತ್ತವೆ. ಬದುಕಿದ್ದರೂ ಅದು ಹೇಳುವುದು ಚಕ್ರ ತಿರುಗಿದ ಲೆಕ್ಕವನ್ನು. ಸಿಜೆ-3ಬಿಯನ್ನು ಲೋ ಗೇರಿನ ಫಸ್ಟಿಗೆ ಹಾಕಿದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ ಸುಮಾರು 37 ಸುತ್ತು ಬಂದಿರುತ್ತದೆ. ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪು, ಮಡಿಕೇರಿಯಿಂದ ಮಾಂದಲಪಟ್ಟಿಗೆ ಏರುವ ಜೀಪು ದಿನವಿಡೀ ತೆವಳುವುದು ಇಂಥ ಗೇರುಗಳಲ್ಲೇ. ಅವುಗಳ ಹತ್ತು ಕಿಲೋಮೀಟರ್ ಹೆದ್ದಾರಿ ಕಾರಿನ ಹತ್ತು ಕಿಲೋಮೀಟರ್ ಅಲ್ಲ. ಬೇಸಿಗೆಯ ಕೆಂಧೂಳು ಬೇರೆ. ಹಳೆ ಜೀಪುಗಳ ಏರ್ ಕ್ಲೀನರಿನ ತಳದಲ್ಲಿ ಎಣ್ಣೆ ತುಂಬಿರುತ್ತದೆ, ಧೂಳು ಅದರಲ್ಲಿ ಸಿಕ್ಕಿಕೊಳ್ಳಬೇಕು. ಆ ಎಣ್ಣೆ ಕೆಸರಾದರೂ ಬದಲಾಯಿಸದೆ ಓಡಿಸಿದರೆ ಧೂಳು ನೇರ ಸಿಲಿಂಡರಿಗೆ ಹೋಗಿ ಉಜ್ಜುಗಾಗದದ ಕೆಲಸ ಮಾಡುತ್ತದೆ. ಎಂಜಿನ್ ಅಕಾಲದಲ್ಲಿ ಮುದಿಯಾಗಲು ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಅಗ್ಗದ ಕಾರಣ ಇನ್ನೊಂದಿಲ್ಲ.

ಮೊದಲ ಪರೀಕ್ಷೆ ಹೊಗೆಯದು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ: ರಿಂಗ್ ಸವೆದಿರಬೇಕು ಅಥವಾ ವಾಲ್ವ್ ಗೈಡು. ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಬಿಳಿಯಾದರೆ ಉರಿಯದ ಡೀಸೆಲ್, ಇಲ್ಲವೇ ಗ್ಯಾಸ್ಕೆಟ್ ಒಡೆದು ನೀರು ಒಳಗೆ ನುಗ್ಗಿದೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುತ್ತಾರೆ. ಅಲ್ಲಿಂದ ಭುಸುಭುಸು ಹೊಗೆ ಬಂದರೆ ರಿಂಗ್ ದಾಟಿ ಗ್ಯಾಸು ಕೆಳಗಿಳಿಯುತ್ತಿದೆ. ಪೆಟ್ರೋಲ್ ಎಂಜಿನ್ನಾದರೆ ಕಂಪ್ರೆಶನ್ ಗೇಜ್ ಹಚ್ಚಿ ನೋಡಿ, ಆಮೇಲೆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೊಮ್ಮೆ ನೋಡುವ ಹಳೇ ಉಪಾಯವಿದೆ. ಒತ್ತಡ ಏರಿದರೆ ತಪ್ಪು ರಿಂಗಿನದು, ಏರದಿದ್ದರೆ ಬಹುಮಟ್ಟಿಗೆ ವಾಲ್ವಿನದು.

ಡೀಸೆಲ್ ಜೀಪಿನಲ್ಲಿ ಇನ್ನೊಂದು ಬಾಗಿಲು ತಟ್ಟದೆ ಎಂಜಿನ್ ಇಳಿಸಬಾರದು. ಅದು ಪಂಪಿನ ಅಂಗಡಿ. ಕಪ್ಪು ಹೊಗೆ, ಏರಿನಲ್ಲಿ ಉಸಿರು ಕಟ್ಟುವುದು, ಬೆಳಿಗ್ಗೆ ಹಟ ಹಿಡಿಯುವುದು, ಇವಕ್ಕೆಲ್ಲ ಎಷ್ಟೋ ಸಲ ಕಾರಣ ಫ್ಯೂಯಲ್ ಇಂಜೆಕ್ಷನ್ ಪಂಪು, ಸೋರುವ ನಾಝಲ್ಲು ಅಥವಾ ಜಾರಿದ ಟೈಮಿಂಗು. ನಾಝಲ್ಲನ್ನು ಪರೀಕ್ಷೆಯ ಪಂಪಿಗೆ ಸಿಕ್ಕಿಸಿ ಒತ್ತಿದರೆ ಡೀಸೆಲ್ ಮಂಜಿನಂತೆ ಚಿಮ್ಮಬೇಕು, ತೊಟ್ಟಿಕ್ಕಬಾರದು. ಈ ಕಸುಬಿಗೆ ಕರ್ನಾಟಕದಲ್ಲಿ ಒಂದು ತವರು ಉಂಟು. ಬಾಷ್ ಕಂಪನಿಯ ಭಾರತೀಯ ಅಂಗವಾಗಿ 1951ರಲ್ಲಿ ಹುಟ್ಟಿದ ಮೈಕೊ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆಯಿತು, ದೇಶದ ಡೀಸೆಲ್ ಗಾಡಿಗಳಿಗೆ ಪಂಪು, ನಾಝಲ್ಲು ಕೊಟ್ಟಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಹಳೆ ಕೈಗಳ ಬಾಯಲ್ಲಿ ಇನ್ನೂ ‘ಮೈಕೊ ಪಂಪು’.

ಇಷ್ಟಾದರೂ ರೋಗ ಬಿಡದಿದ್ದರೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಎತ್ತಬೇಕು. ಬಿಚ್ಚಿದ ಬ್ಲಾಕನ್ನು ಡೀಸೆಲ್ಲಿನಲ್ಲಿ ತೊಳೆದು ಆಟೋದಲ್ಲಿ ಹಾಕಿಕೊಂಡು ಲೇತ್ ಅಂಗಡಿಗೆ ಒಯ್ಯುತ್ತಾರೆ. ನೋಡಲು ಆಕರ್ಷಕ ಜಾಗವೇನೂ ಅಲ್ಲ. ಎಣ್ಣೆ ಕುಡಿದು ಕಪ್ಪಾದ ನೆಲ, ಮೂಲೆಯಲ್ಲಿ ಸುರುಳಿ ಸುರುಳಿ ಕಬ್ಬಿಣದ ಹೊಟ್ಟು, ಗೋಡೆಗೆ ಆನಿಸಿಟ್ಟ ಕ್ರ್ಯಾಂಕ್‌ಶಾಫ್ಟುಗಳ ಸಾಲು. ಆದರೆ ಮಲೆನಾಡಿನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಾಗಿ ಎರಡು ಗಂಟೆ ವಾದ ನಡೆಯುವ ಜಾಗ ಇದೊಂದೇ ಇರಬೇಕು.

ಬೋರ್ ಗೇಜನ್ನು ಸಿಲಿಂಡರಿಗೆ ಇಳಿಸಿ ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯುತ್ತಾರೆ. ಸವೆತ ಎಲ್ಲೆಡೆ ಸಮವಾಗಿ ಆಗುವುದಿಲ್ಲ. ಮೇಲಿನ ರಿಂಗು ನಿಂತು ತಿರುಗುವ ಜಾಗದಲ್ಲಿ ಹೆಚ್ಚು, ಪಿಸ್ಟನ್ ಒರಗುವ ಬದಿಯಲ್ಲಿ ಹೆಚ್ಚು. ಹಾಗಾಗಿ ದುಂಡಗಿದ್ದ ಬೋರು ಮೇಲೆ ಅಗಲವಾಗಿ, ಚೂರು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಆ ಬೋರಿಗೆ ಹೊಸ ರಿಂಗು ಮಾತ್ರ ಹಾಕಿ ಕಳಿಸಿದರೆ ಕೆಲವು ತಿಂಗಳಲ್ಲಿ ನೀಲಿ ಹೊಗೆ ಮರಳಿ ಬರುತ್ತದೆ, ಮೆಕ್ಯಾನಿಕ್ಕಿನ ಹೆಸರು ಕೆಡುತ್ತದೆ. ಅಳತೆ ಮಿತಿ ದಾಟಿದ್ದರೆ ಬೋರನ್ನು ಕೊರೆದು 0.25, 0.50 ಮಿ.ಮೀ. ಹೀಗೆ ಹಂತ ಹಂತವಾಗಿ ದೊಡ್ಡದು ಮಾಡಿ ಆ ಅಳತೆಯ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಇನ್ನು ಕೊರೆಯಲು ಗೋಡೆಯೇ ಉಳಿದಿಲ್ಲವೆಂದರೆ ಸ್ಲೀವ್ ಬಡಿದು ಮೊದಲಿನ ಅಳತೆಗೆ ತರಬಹುದು. ಅಂದರೆ ಬಿರುಕು ಬಿಡದ ಬ್ಲಾಕಿಗೆ ಸಾವು ಸುಲಭವಾಗಿ ಬರುವುದಿಲ್ಲ.

ಕೊರೆದ ಮೇಲೆ ಹೋನಿಂಗ್. ಕಲ್ಲು ತಿರುಗುತ್ತ ಮೇಲೆ ಕೆಳಗೆ ಓಡಾಡಿ ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಸಣ್ಣ ಗೀರುಗಳನ್ನು ಬಿಡುತ್ತದೆ. ಕನ್ನಡಿಯಂತೆ ಹೊಳೆಯುವ ಬೋರ್ ನೋಡಿ ಮಾಲೀಕರು ಖುಷಿಪಡುವುದುಂಟು, ಬಲ್ಲವರು ಆ ಹೊಳಪಿಗೇ ಹೆದರುತ್ತಾರೆ. ಗೀರಿಲ್ಲದಿದ್ದರೆ ಆಯಿಲ್ ನಿಲ್ಲುವುದಿಲ್ಲ, ರಿಂಗು ಕೂರುವುದಿಲ್ಲ.

ಕ್ರ್ಯಾಂಕಿನ ಕೆಲಸ ಇನ್ನೂ ನಾಜೂಕು. ಬೇರಿಂಗ್ ಕೂರುವ ಜಾಗಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು ‘ಟೆನ್’, ‘ಟ್ವೆಂಟಿ’, ‘ಥರ್ಟಿ’ ಎಂದು ಹೇಳುತ್ತಾರೆ. ಇಂಚಿನ ಸಾವಿರದಲ್ಲಿ ಅಷ್ಟು ಭಾಗ ಉಜ್ಜಿ ತೆಗೆದು, ಅದಕ್ಕೆ ಹೊಂದುವಷ್ಟು ದಪ್ಪನೆಯ ಬೇರಿಂಗ್ ಹಾಕುವುದು. ಇಲ್ಲಿ ಕಣ್ಣಿಗೆ ಬೀಳದ ಒಂದು ವಿಷಯವಿದೆ. ಜರ್ನಲ್ಲು ಪಕ್ಕದ ಗೋಡೆಗೆ ಸೇರುವ ಮೂಲೆ ದುಂಡಗಿರಬೇಕು. ಗ್ರೈಂಡಿಂಗ್ ಮಾಡುವವನು ಅವಸರಕ್ಕೆ ಅದನ್ನು ಚೂಪಾಗಿ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ, ಒಂದು ದಿನ ಘಾಟಿಯ ನಡುವೆ ಕ್ರ್ಯಾಂಕ್ ಎರಡು ತುಂಡು. ಹೆಡ್ಡನ್ನು ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಲ್ಲಿ ನೋಡುವುದು, ವಾಲ್ವುಗಳ ನಡುವೆ ಬಿರುಕು ಹುಡುಕುವುದು, ಪೇಸ್ಟ್ ಹಚ್ಚಿ ವಾಲ್ವ್ ತಿಕ್ಕುವುದು ಮುಂತಾದವು ಗ್ಯಾರೇಜಿನಲ್ಲೇ ನಡೆಯುತ್ತವೆ.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆ ಭಾಗಕ್ಕೆ ಶಿವಾಜಿನಗರದ ಗುಜರಿ. ನಕಲಿ ಮಾಲು ಎಲ್ಲ ಕಡೆ ಇದೆ. ಡಬ್ಬಿಯ ಮೇಲಿನ ಹೆಸರು ನೋಡಿ ಬೇರಿಂಗ್ ಕೊಳ್ಳುವವನಿಗಿಂತ ಅಂಗಡಿಯಲ್ಲೇ ಕ್ಯಾಲಿಪರ್ ತೆಗೆದು ಅಳೆಯುವವನನ್ನು ಅಂಗಡಿಯವರೂ ಗೌರವಿಸುತ್ತಾರೆ.

ಈಗ ಮೂರನೇ ದಾರಿ. ತೋಟದ ಜೀಪುಗಳಲ್ಲಿ ಹೆಚ್ಚು ಕೇಳಿಬರುವ ಎರಡು ಹೆಸರು ಮಹೀಂದ್ರ ಡಿಐ ಮತ್ತು ಮಟಡಾರ್ ಎಂಜಿನ್. ಎರಡನೆಯದು ಬಜಾಜ್ ಟೆಂಪೊ ತಯಾರಿಸಿದ್ದು, ವಿನ್ಯಾಸ ಮರ್ಸಿಡಿಸ್ ಬೆಂಜಿನದು. ಗೊಬ್ಬರ ಹೊರುವ ಜೀಪಿನೊಳಗೆ ಬೆಂಜ್ ರಕ್ತ ಹರಿಯುತ್ತಿದೆ ಎಂದು ಹೆಮ್ಮೆಪಡುವವರಿಗೆ ಇಲ್ಲಿ ಕೊರತೆಯಿಲ್ಲ. ಸೈನ್ಯದ ಹರಾಜಿನಲ್ಲಿ ಜೊಂಗಾ ಕೊಂಡವರ ಕಥೆ ಬೇರೆ. ನಿಸ್ಸಾನ್ ವಿನ್ಯಾಸದ, ಜಬಲ್ಪುರದಲ್ಲಿ ತಯಾರಾದ ಆ ಗಾಡಿಯದು ಆರು ಸಿಲಿಂಡರಿನ 3956 ಸಿಸಿ ಪೆಟ್ರೋಲ್ ಎಂಜಿನ್. ಶಬ್ದ ಕೇಳಲು ಸೊಗಸು, ಟ್ಯಾಂಕು ತುಂಬಿಸಲು ಸಂಕಟ. ಅದಕ್ಕೆ ಡೀಸೆಲ್ ಹಾಕಿಸಿಕೊಂಡವರನ್ನು ದೂರಲು ನನಗೆ ಮನಸ್ಸಿಲ್ಲ.

ಎಂಜಿನ್ ಕೂರಿಸುವುದೆಂದರೆ ನಾಲ್ಕು ಬೋಲ್ಟ್ ಬಿಗಿಯುವುದಲ್ಲ. ಹೊಸ ಎಂಜಿನ್ನಿನ ಬೆನ್ನಿಗೂ ಹಳೆ ಗೇರ್‌ಬಾಕ್ಸಿನ ಬಾಯಿಗೂ ತೂತು ಹೊಂದುವುದಿಲ್ಲ, ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಆ ಪ್ಲೇಟಿನ ಕೇಂದ್ರ ಕೂದಲೆಳೆಯಷ್ಟು ಸರಿದರೂ ಗೇರ್‌ಬಾಕ್ಸಿನ ಶಾಫ್ಟು ಓರೆಯಾಗಿ ನಿಂತು ಬೇರಿಂಗು ತಿನ್ನುತ್ತದೆ, ಕ್ಲಚ್ಚು ನಡುಗುತ್ತದೆ. ಭಾರ ಹೆಚ್ಚಾದರೆ ಮುಂದಿನ ಸ್ಪ್ರಿಂಗ್ ಪಟ್ಟೆಗಳು ಕೂರುತ್ತವೆ. ರೇಡಿಯೇಟರ್ ಸಾಲದಾಗುತ್ತದೆ. ಎಲ್ಲರೂ ಮರೆಯುವುದು ಆಕ್ಸಲಿನ ಅನುಪಾತವನ್ನು. ಹಳೆ ಸಿಜೆಯದು 5.38. ಹಳೆಯ 6.00-16 ಟಯರಿನಲ್ಲಿ ಗಂಟೆಗೆ 80 ಕಿ.ಮೀ. ಹೋದರೆ ಟಾಪ್ ಗೇರಿನಲ್ಲೂ ಎಂಜಿನ್ 3000 ಸುತ್ತು ದಾಟಿರುತ್ತದೆ. ನಿಧಾನಕ್ಕೆ ಎಳೆಯಲೆಂದೇ ಹುಟ್ಟಿದ ಡೀಸೆಲ್ಲಿಗೆ ಅದು ಕಿರುಚಾಟ. ತೋಟದೊಳಗೆ ಇದ್ದರೆ ಸರಿ. ಬೆಂಗಳೂರಿಗೆ ಹೋಗಿ ಬರುವ ಕನಸಿದ್ದರೆ ಎಂಜಿನ್ನಿನ ಜೊತೆ ಗೇರ್‌ಬಾಕ್ಸು, ಆಕ್ಸಲು ಎಲ್ಲವೂ ಬದಲಾಗಬೇಕು. ಆಗ ಖರ್ಚು ಹಳೆಯದನ್ನು ಕಟ್ಟಿಸುವುದಕ್ಕಿಂತ ಎಷ್ಟೋ ಮೇಲೆ ಹೋಗಿರುತ್ತದೆ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಎತ್ತಿಹಿಡಿಯಿತು. ಅದೇ ಮಾದರಿಯ ಎಂಜಿನ್ ಹಾಕಿದರೂ ನಂಬರ್ ಬೇರೆಯಾಗುವುದರಿಂದ ಆರ್‌ಟಿಒದಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಗುಜರಿ ಎಂಜಿನ್ನಿಗೆ ಬಿಲ್ ಇರಲೇಬೇಕು. 15 ವರ್ಷ ದಾಟಿದ ಖಾಸಗಿ ಗಾಡಿ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ನಿಲ್ಲಬೇಕಲ್ಲ, ಇನ್‌ಸ್ಪೆಕ್ಟರ್ ಬ್ಯಾಟರಿ ಹಿಡಿದು ಬ್ಲಾಕಿನ ನಂಬರ್ ಓದುವುದು ಆಗಲೇ. ಹಳೆ ಬ್ಲಾಕನ್ನು ಉಳಿಸಿಕೊಂಡು ಕಟ್ಟಿಸಿದವನಿಗೆ ಈ ತಾಪತ್ರಯವಿಲ್ಲ. ಅಳತೆ ಒಪ್ಪುವ ತನಕ ಅದೇ ಬ್ಲಾಕು ಇರಲಿ ಎನ್ನಲು ನನಗೆ ಇದೂ ಒಂದು ಕಾರಣ.

ಕಟ್ಟಿದ ಎಂಜಿನ್ನಿಗೆ ಬಾಣಂತನದ ದಿನಗಳಿವೆ. ಮೊದಲ ಸಾವಿರ ಕಿಲೋಮೀಟರ್ ಅದುಮಿ ಓಡಿಸಬಾರದು, ಹಾಗೆಂದು ಗಂಟೆಗಟ್ಟಲೆ ನಿಂತಲ್ಲೇ ಗುರುಗುಟ್ಟಿಸಲೂಬಾರದು. ವೇಗ ಏರಿಸುತ್ತ ಇಳಿಸುತ್ತ ಓಡಿಸಿದರೆ ರಿಂಗು ಚೆನ್ನಾಗಿ ಕೂರುತ್ತದೆ. ಹಳೆ ಬಗೆಯ ಗ್ಯಾಸ್ಕೆಟ್ ಆದರೆ ಒಮ್ಮೆ ಬಿಸಿಯಾಗಿ ಆರಿದ ಮೇಲೆ ಹೆಡ್ ಬೋಲ್ಟನ್ನು ನಡುವಿನಿಂದ ಹೊರಕ್ಕೆ ಕ್ರಮವಾಗಿ ಮತ್ತೆ ಬಿಗಿಯಬೇಕು. ಮೊದಲ ಆಯಿಲನ್ನು ಬೇಗನೆ ಬದಲಾಯಿಸಬೇಕು, ಕೊರೆದ ಕಬ್ಬಿಣದ ನುಣ್ಣನೆ ಪುಡಿ ಅದರಲ್ಲಿರುತ್ತದೆ.

ಬೋರಿಂಗ್ ಬಾರ್ ಹಿಡಿಯುವ ಕೈಗಳು ಈಗ ಕಡಿಮೆಯಾಗುತ್ತಿವೆ. ಕಾಮನ್ ರೈಲ್ ಕಾಲದ ಎಂಜಿನ್ನುಗಳು ಕೆಟ್ಟರೆ ಕಂಪನಿಯ ವರ್ಕ್‌ಶಾಪು ಬ್ಲಾಕನ್ನೇ ಬದಲಿಸುತ್ತದೆ, ಲೇತ್ ಅಂಗಡಿಗೆ ಕಳಿಸುವುದಿಲ್ಲ. ಹಾಗಾಗಿ ಹಲವು ಅಂಗಡಿಗಳು ನಡೆಯುತ್ತಿರುವುದು ಟ್ರ್ಯಾಕ್ಟರ್, ಪವರ್ ಟಿಲ್ಲರ್, ನೀರಾವರಿಯ ಡೀಸೆಲ್ ಪಂಪುಗಳ ಕೆಲಸದಿಂದ. ಜೀಪಿನ ಬ್ಲಾಕು ಬಂದರೆ ಸರದಿಯಲ್ಲಿ ಕಾಯಬೇಕು. ಡಿಸೆಂಬರಿನಲ್ಲಿ ಹಣ್ಣು ಕೊಯ್ಯುವವರು ಜುಲೈ ಹೊತ್ತಿಗೇ ಬ್ಲಾಕ್ ಒಯ್ದು ಕೊಡುವುದು ಲೇಸು.