ನೆಂಟನಾಗಿ ಬಂದ ನಾಯಿ, ಮನೆಯ ಬೆಕ್ಕು

ವಿಜಯಪುರ ಜಿಲ್ಲೆಯ ಅರಕೇರಿಯು ಅಮೋಘಸಿದ್ಧನ ಕ್ಷೇತ್ರವೆಂದು ಹೆಸರಾದ ಊರು. ಕುರಿಗಾರರು ಭಕ್ತಿಯಿಂದ ನಡೆದುಕೊಳ್ಳುವ ದೈವ ಅದು. ಕುರಿಗಳಿದ್ದಲ್ಲಿ ನಾಯಿ ಇರುವುದು ಸಹಜ. ಜೋಳದ ಚೀಲಗಳಿದ್ದಲ್ಲಿ ಇಲಿಯೂ, ಇಲಿಗಳಿದ್ದಲ್ಲಿ ಬೆಕ್ಕೂ ಇರುವುದು ಅಷ್ಟೇ ಸಹಜ. ಅಂಥ ಊರಿನ ಒಂದು ಮನೆಯನ್ನು ನಾವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ಜಾತ್ರೆಗೆಂದು ನೆಂಟರು ಬಂದಿದ್ದಾರೆ. ಅವರ ಬೆನ್ನಿಗೆ ಎರಡು ನಾಯಿಗಳೂ ಬಂದಿವೆ. ಪಡಸಾಲೆಯಲ್ಲಿ ಮಲಗಿದ್ದ ಮನೆಯ ಬೆಕ್ಕು ಒಂದೇ ನೆಗೆತಕ್ಕೆ ನಾಗಂದಿಗೆಯನ್ನೇರಿತು. ಸಂಜೆ ಬಟ್ಟಲಿನ ಹಾಲನ್ನು ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆಯೂ ಮುಟ್ಟಲಿಲ್ಲ. "ಬೆಕ್ಕಿಗೆ ಸಿಟ್ಟು ಬಂದಿದೆ" ಎಂದರು ಹಿರಿಯರು. ಹುಡುಗರಾದರೋ ಸ್ನೇಹ ಮಾಡಿಸುವೆವೆಂದು ಅದನ್ನು ಹಿಡಿದು ತಂದು, ನಾಯಿಯ ಮೂತಿಯ ಬಳಿ ಒಡ್ಡಿ, ಕೈಯೆಲ್ಲ ಪರಚಿಸಿಕೊಂಡರು.

ಬೆಕ್ಕು ಉಣ್ಣದಿರುವುದು ಹಟದಿಂದಲೇ? ಈ ಪ್ರಶ್ನೆಗೆ ಉತ್ತರವು ನೂರು ವರ್ಷಗಳಿಗೂ ಹಿಂದೆಯೇ ದೊರೆತಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞನು, ಆಗತಾನೇ ಬೆಳಕಿಗೆ ಬಂದಿದ್ದ ಕ್ಷ-ಕಿರಣಗಳ ನೆರವಿನಿಂದ ಬೆಕ್ಕಿನ ಜಠರದ ಚಲನೆಯನ್ನು ಅಭ್ಯಾಸ ಮಾಡಿ, 1898ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಆಹಾರದೊಡನೆ ಬಿಸ್ಮತ್ ಲವಣವನ್ನು ಬೆರೆಸಿ ತಿನ್ನಿಸಿದರೆ ಜಠರದ ನೆರಳು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಬೆಕ್ಕು ಶಾಂತವಾಗಿದ್ದಾಗ ಜಠರದಲ್ಲಿ ಅಲೆಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಅದು ಕಳವಳಗೊಂಡೊಡನೆಯೇ ಅಲೆಗಳು ನಿಂತುಹೋಗುತ್ತಿದ್ದವು. ಮೈದಡವಿ ಸಮಾಧಾನಪಡಿಸಿದ ಬಳಿಕ ಮತ್ತೆ ಆರಂಭವಾಗುತ್ತಿದ್ದವು.

1911ರಲ್ಲಿ ಕ್ಯಾನನ್ ಮತ್ತು ಡಿ ಲಾ ಪಾಸ್ ನಡೆಸಿದ ಪ್ರಯೋಗವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅವರು ನೆಮ್ಮದಿಯಾಗಿದ್ದ ಬೆಕ್ಕಿನ ರಕ್ತವನ್ನೂ, ಬೊಗಳುವ ನಾಯಿಯನ್ನು ಎದುರಿಸಿದ ಬಳಿಕ ಅದೇ ಬೆಕ್ಕಿನ ರಕ್ತವನ್ನೂ ತೆಗೆದು ಹೋಲಿಸಿದರು. ಮೊದಲನೆಯ ರಕ್ತದಲ್ಲಿ ಇಟ್ಟ ಕರುಳಿನ ಸ್ನಾಯುವಿನ ತುಣುಕು ಎಂದಿನಂತೆ ಮಿಡಿಯುತ್ತಿದ್ದಿತು; ಎರಡನೆಯದರಲ್ಲಿ ಇಟ್ಟಾಗ ಅದು ಸಡಿಲಗೊಂಡು ಸುಮ್ಮನಾಯಿತು. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸಿದ್ದುದೇ ಇದಕ್ಕೆ ಕಾರಣ. ಹೀಗೆ ಅಂಜಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆಯೂ ಕಾಣಿಸಿಕೊಂಡಿತೆಂದು ಅದೇ ವರ್ಷ ಕ್ಯಾನನ್ ಮತ್ತು ಅವನ ಸಂಗಡಿಗರು ತಿಳಿಸಿದರು. ಓಡಲು ಅಥವಾ ಹೋರಾಡಲು ಸ್ನಾಯುಗಳಿಗೆ ಸಕ್ಕರೆ ಬೇಕು. ಜೀರ್ಣಕ್ರಿಯೆ ಆ ಹೊತ್ತಿಗೆ ಬೇಡ. ಆದುದರಿಂದ ನಾಗಂದಿಗೆಯ ಮೇಲಿನ ಬೆಕ್ಕು ಹಟ ಹಿಡಿದಿಲ್ಲ. ಅದು ಕದಲದೆ ಕುಳಿತಿದ್ದರೂ ಅದರ ಒಡಲು ಓಡುತ್ತಲೇ ಇದೆ.

ಈ ಅಂಜಿಕೆಗೆ ಮೂಲವೇನು? ನಾಯಿಯ ಪೂರ್ವಜವಾದ ತೋಳವು ಗುಂಪುಗೂಡಿ ದೊಡ್ಡ ಪ್ರಾಣಿಗಳನ್ನು ಅಟ್ಟಿಸಿಕೊಂಡು ಹೋಗುವ ಮೃಗ. ಬೆಕ್ಕಿನ ಪೂರ್ವಜವು ಆಫ್ರಿಕಾ ಮತ್ತು ಪಶ್ಚಿಮ ಏಷ್ಯದ ಒಣನಾಡುಗಳಲ್ಲಿ ಒಂಟಿಯಾಗಿ ಅಲೆಯುವ ಕಾಡುಬೆಕ್ಕು. ಅದು ಇಲಿಗಳಿಗೆ ಬೇಟೆಗಾರನಾದರೂ ತನಗಿಂತ ದೊಡ್ಡ ಮೃಗಗಳಿಗೆ ತಾನೇ ಬೇಟೆ. ಇದಕ್ಕೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ನಾಯಿಯು ಸಡಿಲವಾಗಿ ಬಾಲವಾಡಿಸಿದರೆ ಸಾಮಾನ್ಯವಾಗಿ ಅದು ಸ್ನೇಹದ ಗುರುತು. ಬೆಕ್ಕು ಬಾಲವನ್ನು ಬಡಿದಾಡಿಸಿದರೆ ಅದು ಕೆರಳಿದುದರ ಗುರುತು. ಆದರೂ ಈ ತೊಡಕು ಬಿಡಿಸಲಾರದ್ದಲ್ಲ. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಮನೆಯಲ್ಲಿ ಬಾಳುವ ನಾಯಿ ಬೆಕ್ಕುಗಳು ಪರಸ್ಪರರ ಸಂಜ್ಞೆಗಳನ್ನು ಬಹುಮಟ್ಟಿಗೆ ಅರಿತುಕೊಳ್ಳುತ್ತವೆ. ಎಳೆಯ ವಯಸ್ಸಿನಲ್ಲಿಯೇ ಕೂಡಿದ ಜೋಡಿಗಳಲ್ಲಿ, ಅದರಲ್ಲಿಯೂ ಬೆಕ್ಕು ಮೊದಲು ಬಂದ ಮನೆಗಳಲ್ಲಿ, ಹೊಂದಿಕೆ ಹೆಚ್ಚು. ಆದರೆ ನಾಲ್ಕು ದಿನದ ಅತಿಥಿಯೊಡನೆ ಅಂಥ ಸ್ನೇಹವನ್ನು ನಿರೀಕ್ಷಿಸಲಾಗದು. ಆಗ ನಮ್ಮ ಗುರಿ ಸ್ನೇಹವಲ್ಲ, ನೆಮ್ಮದಿ.

ಆ ನೆಮ್ಮದಿಗೆ ಮೊದಲು ಬೇಕಾದುದು ಅಡಗುವ ತಾಣ. ನೆದರ್ಲೆಂಡ್ಸಿನಲ್ಲಿ ಪ್ರಾಣಿಗಳ ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಪೈಕಿ 10ಕ್ಕೆ ಮಾತ್ರ ಅಡಗಲು ಪೆಟ್ಟಿಗೆಗಳನ್ನು ಕೊಟ್ಟು ಪರೀಕ್ಷಿಸಿದರು. ಪೆಟ್ಟಿಗೆ ದೊರೆತವು ಉಳಿದವುಗಳಿಗಿಂತ ಬೇಗನೆ ಚೇತರಿಸಿಕೊಂಡವೆಂದು 2014ರಲ್ಲಿ ವರದಿಯಾಯಿತು. ಇದಕ್ಕೆ ಹಣವೇನೂ ಬೇಡ. ಪಕ್ಕಕ್ಕೆ ಮಲಗಿಸಿದ ಒಂದು ರಟ್ಟಿನ ಡಬ್ಬ, ಒಂದು ಹಳೆಯ ಕಂಬಳಿ ಸಾಕು. ಅದನ್ನು ನಾಯಿ ಏರಲಾರದ ಎತ್ತರದಲ್ಲಿಟ್ಟರೆ ಇನ್ನೂ ಮೇಲು. ನೆಂಟರು ಬರುವ ಎರಡು ದಿನ ಮೊದಲೇ ಆಹಾರ, ನೀರು, ಮಲವಿಸರ್ಜನೆಗೆ ಮಣ್ಣಿನ ತಟ್ಟೆ ಇವೆಲ್ಲವನ್ನೂ ನಾಯಿಗೆ ಪ್ರವೇಶವಿಲ್ಲದ ಒಂದು ಕೋಣೆಯಲ್ಲಿ ಅಣಿಗೊಳಿಸಬೇಕು. ಬೆಕ್ಕಿಗೆ ಆ ಕೋಣೆ ಮುಂಚೆಯೇ ರೂಢಿಯಾಗಿರಲಿ.

ಎರಡನೆಯದು ನಾಯಿಯ ಹತೋಟಿ. ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಓದುಗರು ಬಲ್ಲರು. 2005ರಲ್ಲಿ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಅದು ಕಣ್ಣಿನಿಂದ ಬೇಟೆಯಾಡುವ ತಳಿ. ಅದರ ಮುಂದೆ ಚಿಕ್ಕ ಪ್ರಾಣಿಯೊಂದು ಓಡಿತೆಂದರೆ ಅಟ್ಟಿಸಿಕೊಂಡು ಹೋಗುವ ಪ್ರವೃತ್ತಿ ತಾನಾಗಿಯೇ ಕೆರಳುತ್ತದೆ. ಬೇರೆ ನಾಯಿಗಳಲ್ಲಿಯೂ ಈ ಪ್ರವೃತ್ತಿ ಹೆಚ್ಚು ಕಡಿಮೆ ಇದ್ದೇ ಇದೆ. ಆದುದರಿಂದ ಮನೆಯೊಳಗೆ ನಾಯಿಯ ಕೊರಳಿನ ಹಗ್ಗವು ಯಾರಾದರೊಬ್ಬರ ಕೈಯಲ್ಲಿರಬೇಕು. ಬೆಕ್ಕನ್ನು ಮಾತ್ರ ಎತ್ತಿ ತರಬಾರದು. ಹಿಡಿದ ಬೆಕ್ಕಿಗೆ ಓಡುವ ದಾರಿ ತಪ್ಪುತ್ತದೆ, ಉಗುರೊಂದೇ ಉಳಿಯುತ್ತದೆ.

ಮೂರನೆಯದು ದೂರದ ಅಳತೆ. ಇಲ್ಲಿ ಕ್ಯಾನನ್ನನ ಪ್ರಯೋಗವೇ ನಮಗೆ ಮಾಪನವನ್ನು ಒದಗಿಸುತ್ತದೆ. ಅಂಜಿದ ಬೆಕ್ಕಿಗೆ ಉಣ್ಣಲಾಗದಷ್ಟೆ? ಹಾಗಾದರೆ ನಾಯಿ ಎಷ್ಟು ದೂರದಲ್ಲಿದ್ದಾಗ ಅದು ನಿಶ್ಚಿಂತೆಯಿಂದ ಉಣ್ಣುತ್ತದೆಯೋ ಅದೇ ಆ ದಿನದ ಸುರಕ್ಷಿತ ದೂರ. ಹಗ್ಗ ಕಟ್ಟಿದ ನಾಯಿಯನ್ನು ಪಡಸಾಲೆಯ ಆಚೆಯ ತುದಿಯಲ್ಲಿ ಮಲಗಿಸಿ, ಬೆಕ್ಕಿಗೆ ತನ್ನ ಕೋಣೆಯ ಬಾಗಿಲಲ್ಲಿ ಮೀನನ್ನೋ ಹಾಲನ್ನೋ ಇಟ್ಟು ನೋಡಬಹುದು. ಮುಟ್ಟದಿದ್ದರೆ ನಾಯಿಯನ್ನು ಇನ್ನಷ್ಟು ದೂರ ಸರಿಸಬೇಕು. ಉಂಡರೆ ಮರುದಿನ ಒಂದು ಮೊಳ ಹತ್ತಿರ ತರಬಹುದು. ನಮ್ಮ ವಿದ್ಯಾರ್ಥಿ ಓದುಗರು ದಿನಾಂಕ, ದೂರ, ಉಂಡಿತೋ ಇಲ್ಲವೋ ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟರೆ ಅದೇ ಒಂದು ನಿರಪಾಯಕರವಾದ ಪ್ರಯೋಗವಾದೀತು.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಲವು ದಿನ ಉಪವಾಸವಿದ್ದ ಬೆಕ್ಕಿನ, ವಿಶೇಷವಾಗಿ ಕೊಬ್ಬಿದ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಅಪಾಯ ಒದಗಬಹುದು. ಒಂದು ದಿನ ಪೂರ್ತಿ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರನ್ನು ಕಾಣಬೇಕು. ಗಂಡು ಬೆಕ್ಕು ಮೂತ್ರಕ್ಕಾಗಿ ತಿಣುಕುತ್ತಿದ್ದರೆ ಒಂದು ದಿನವೂ ಕಾಯುವಂತಿಲ್ಲ, ಕೂಡಲೇ ಕರೆದೊಯ್ಯಬೇಕು.

ಜಾತ್ರೆ ಮುಗಿದು ನೆಂಟರು ನಾಯಿಗಳೊಡನೆ ಹೊರಟರೂ ಬೆಕ್ಕು ಆ ಕ್ಷಣವೇ ಕೆಳಗಿಳಿಯುವುದಿಲ್ಲ. ನಾಯಿಗಳ ವಾಸನೆ ನೆಲದಲ್ಲಿ ಇನ್ನೂ ಉಳಿದಿರುತ್ತದೆ. ಅದನ್ನು ಕರೆಯುವುದೂ ಬೇಡ, ಎಳೆಯುವುದೂ ಬೇಡ. ನೆಲವನ್ನು ಸಾರಿಸಿ, ಬಟ್ಟಲನ್ನು ಮೊದಲಿನ ಜಾಗದಲ್ಲಿಟ್ಟು, ನಾವು ನಮ್ಮ ಕೆಲಸದಲ್ಲಿ ತೊಡಗೋಣ. ಕತ್ತಲಾದ ಬಳಿಕ ಅದು ತಾನೇ ಇಳಿದು ಬಂದು, ತನ್ನ ಗಂಧವನ್ನು ಮತ್ತೆ ಹಚ್ಚಲೆಂದು ಕಂಬಕ್ಕೆ ಕೆನ್ನೆಯನ್ನು ಉಜ್ಜುವುದನ್ನು ಕಾಣಬಹುದು. ಅನಂತರ ಹಾಲಿನ ಬಟ್ಟಲು ಬರಿದಾಗಿರುತ್ತದೆ.