ಕುದುರೆಯ ಬಾಲಕ್ಕೂ ಜಡೆ!

ಜಮಖಂಡಿ, ಮುಧೋಳದವರಿಗೆ ರಾಜರು, ಅರಮನೆ ಹೊಸದಲ್ಲ. ಎರಡೂ ಸಂಸ್ಥಾನದ ಊರುಗಳೇ. ಆದರೆ ಪೋಲೊ ಹೊಸದು. ಬನಹಟ್ಟಿಯಲ್ಲಿರುವ ನನ್ನ ತಂಗಿಯ ಮಗಳು ಆ ಆಟದ ಚಿತ್ರ ನೋಡಿ, ‘ಮಾಮಾ, ಕುದುರಿ ಬಾಲಕ್ಕ ಜಡಿ ಯಾಕ ಹಾಕ್ಯಾರ?’ ಎಂದಳು.

ಚೆಂಡು ಹೊಡೆಯುವ ಕೋಲಿಗೆ ಬಾಲ ಸಿಕ್ಕಿಕೊಳ್ಳಬಾರದು, ಅದಕ್ಕೆ.

ಇಂಗ್ಲೆಂಡಿನ ಬೇಸಿಗೆ ಪೋಲೊ ಎಂದರೆ ಸಿರಿವಂತರ ಜಾತ್ರೆ. ಅಗಲ ಟೋಪಿಯ ಹೆಂಗಸರು, ಸೂಟು ತೊಟ್ಟ ಗಂಡಸರು, ಕೆಲವೊಮ್ಮೆ ರಾಜಮನೆತನದವರೂ. ನನಗೆ ಹಿಡಿಸಿದ್ದು ಬೇರೆ: ಆಟದ ನಡುವಿನ ವಿರಾಮದಲ್ಲಿ ಈ ಠಾಕುಠೀಕಿನವರೆಲ್ಲ ಮೈದಾನಕ್ಕಿಳಿದು, ಗೊರಸಿಗೆ ಕಿತ್ತುಬಂದ ಹುಲ್ಲಿನ ಹೆಂಟೆಗಳನ್ನು ತುಳಿದು ಕೂರಿಸುತ್ತಾರೆ!

ಆಟ ಅಲ್ಲಿಗೆ ಹೋದದ್ದು ನಮ್ಮ ದೇಶದಿಂದಲೇ. ಮಣಿಪುರಿಗಳ ಆಟ ನೋಡಿ ಬ್ರಿಟಿಷರು 1859ರಲ್ಲಿ ಸಿಲ್ಚರ್‌ನಲ್ಲಿ ಕ್ಲಬ್ ಕಟ್ಟಿದರು. 1933ರಲ್ಲಿ ಜೈಪುರದ ಮಹಾರಾಜ ಸವಾಯಿ ಮಾನ್‌ಸಿಂಗ್‌ರ ತಂಡ ಇಂಗ್ಲೆಂಡಿಗೇ ಹೋಗಿ ದೊಡ್ಡ ಪಂದ್ಯಗಳನ್ನೆಲ್ಲ ಗೆದ್ದುಬಂತು.

ತಂಡಕ್ಕೆ 4 ಜನ. ಒಂದು ಸುತ್ತು 7 ನಿಮಿಷ. ಅಷ್ಟರಲ್ಲೇ ಕುದುರೆ ದಣಿಯುತ್ತದೆ, ಸವಾರ ಬೇರೆ ಕುದುರೆ ಏರುತ್ತಾನೆ. ಒಬ್ಬನಿಗೇ ಹಲವು ಕುದುರೆ ಬೇಕು. ಅವಕ್ಕೆ ಮೇವು, ಲಾಳ, ಲಾಯದ ಆಳು ಬೇಕು. ಜೋಡೆತ್ತು ಸಾಕುವ ಬೀಳಗಿಯ ರೈತನಿಗೆ ಈ ಖರ್ಚಿನ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.