ಕವಲೊಡೆಯುವ ಕಥೆಗೆ ಕನ್ನಡದ ಅಂಗಳ

ಕೈಲಾಂಚದ ಒಂದು ರೇಷ್ಮೆ ಮನೆ. ಹುಳುಗಳು ಗೂಡು ಕಟ್ಟುವ ಚಂದ್ರಿಕೆಯಿಂದ ಗೂಡು ಬಿಡಿಸಿದ್ದಾಗಿದೆ. ಇವತ್ತೇ ರಾಮನಗರದ ಮಾರುಕಟ್ಟೆಗೆ ಹೊರಡುವುದೋ, ನಾಳೆ ರೇಟು ಏರೀತೆಂದು ಕಾಯುವುದೋ? ಇದನ್ನು ಮೊಬೈಲಿನಲ್ಲಿ ಓದುವವರ ಮುಂದೆ ಎರಡು ಗುಂಡಿಗಳಿದ್ದು, ಒತ್ತಿದ್ದರ ಮೇಲೆ ಕಥೆ ಮುಂದುವರಿಯುವಂತಿದ್ದರೆ ಅದೇ ಸಂವಾದಿ ಕಥೆ.

ಇಂಥ ಕಥೆ ಬರೆದು ಪ್ರಕಟಿಸುವ ವೇದಿಕೆ ಕಟ್ಟುವವರಿಗೆ ಮೊದಲು ಎದುರಾಗುವುದು ಗಣಿತ. ತಿರುವಿಗೆ ಎರಡೇ ಆಯ್ಕೆ ಇಟ್ಟರೂ ಹತ್ತು ತಿರುವು ದಾಟುವಷ್ಟರಲ್ಲಿ 1,024 ಮುಕ್ತಾಯ ಬರೆಯಬೇಕಾಗುತ್ತದೆ. ಅದಕ್ಕೇ ಕವಲುಗಳನ್ನು ಮತ್ತೆ ಕೂಡಿಸುತ್ತಾರೆ. ಇಂದು ಹೊರಟವರೂ ಕಾದು ಹೊರಟವರೂ ಸೇರುವುದು ಅದೇ ಹರಾಜಿಗೆ. ಆದರೆ ಎಷ್ಟು ದಿನ ಕಾದರೆಂಬ ಲೆಕ್ಕವನ್ನು ತಂತ್ರಾಂಶ ನೆನಪಿಟ್ಟಿರುತ್ತದೆ. ದಿನ ಕಳೆದಂತೆ ಗೂಡಿನ ತೂಕ ಇಳಿಯುತ್ತದೆ. ಮಿತಿ ಮೀರಿದರೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ, ಆಮೇಲೆ ಅದರಿಂದ ಉದ್ದನೆಯ ನೂಲು ಬಿಚ್ಚಲಾಗದು. ಪುಟ ಒಂದೇ, ಸಿಗುವ ಬೆಲೆ ಬೇರೆ ಬೇರೆ. ಸಂವಾದಿ ಕಥೆಯ ಜೀವ ಗುಂಡಿಗಳಲ್ಲಿಲ್ಲ, ಈ ನೆನಪಿನಲ್ಲಿದೆ.

ಎರಡನೆಯದು ಲಿಪಿ. ಅಕ್ಷರಗಳು ಒಂದೊಂದಾಗಿ ಮೂಡುವಂತೆ ತೋರಿಸುವುದು ಇಂಥ ಕಥೆಗಳಲ್ಲಿ ರೂಢಿ. 'ಕೈಲಾಂಚ' ನಮ್ಮ ಕಣ್ಣಿಗೆ ಮೂರಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತ. ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆದ ಕೋಡು ಮೊದಲು ಬರಿ 'ಕ' ತೋರಿಸಿ, ಆಮೇಲೆ ಅದನ್ನು 'ಕೈ' ಮಾಡುತ್ತದೆ. ಒತ್ತಕ್ಷರ ಬಂದರಂತೂ ಪರದೆಯ ಮೇಲೆ ಪದ ಒಡೆದು ಕಾಣುತ್ತದೆ. ಆದ್ದರಿಂದ ಗುಣಿತಾಕ್ಷರ, ಒತ್ತಕ್ಷರಗಳನ್ನು ಇಡಿಯಾಗಿ ಎಣಿಸುವ ವ್ಯವಸ್ಥೆ ಅಡಿಪಾಯದಲ್ಲೇ ಇರಬೇಕು, ಕೊನೆಗೆ ತೇಪೆ ಹಾಕಿದರೆ ಸಾಲದು.

ಕಥೆಯ ವೇದಿಕೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು, ಅಂತಾರಾಷ್ಟ್ರೀಯ ಸಾಕ್ಷರತಾ ದಿನದಂದೇ, ಸ್ಟೋರಿವೀವರ್ ಶುರುಮಾಡಿತು. ಅಲ್ಲಿನ ಮಕ್ಕಳ ಕಥೆಗಳು ಹೆಚ್ಚಾಗಿ ಒಂದೇ ದಾರಿಯಲ್ಲಿ ಸಾಗುವಂಥವು. ಆದರೂ ಯಾರು ಬೇಕಾದರೂ ಬರೆಯಬಹುದು, ಅನುವಾದಿಸಬಹುದು, ಮುದ್ರಿಸಿ ಹಂಚಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅದಕ್ಕೆ ಅವಕಾಶ ಕೊಡುತ್ತದೆ. ಕವಲುಕಥೆಯ ವೇದಿಕೆ ಕಟ್ಟುವವರು ಮೊದಲು ಕಲಿಯಬೇಕಾದದ್ದು ಈ ಮುಕ್ತತೆಯನ್ನೇ.

ಕವಲುಗಳಿಗೆ ಸಾಧನವೂ ಸಿದ್ಧವಿದೆ. ಕ್ರಿಸ್ ಕ್ಲಿಮಾಸ್ 2009ರಲ್ಲಿ ಹೊರತಂದ ಟ್ವೈನ್ ಉಚಿತ. ಮುಗಿದ ಕಥೆ ಒಂದೇ ಎಚ್‌ಟಿಎಂಎಲ್ ಫೈಲಾಗಿ ಬರುತ್ತದೆ. ಚಿತ್ರ, ಧ್ವನಿಗಳನ್ನು ಹೊರಗಿನಿಂದ ಜೋಡಿಸದಿದ್ದರೆ ಅದನ್ನು ಇಂಟರ್‌ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯಬಹುದು. ಹಳ್ಳಿ ಶಾಲೆಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ?

ಶಿಕ್ಷಕರೇ, ನಿಮ್ಮೂರಿನವರು ದಿನವೂ ತೆಗೆದುಕೊಳ್ಳುವ ಒಂದು ತೀರ್ಮಾನವನ್ನು ಹಿಡಿದು ಮಕ್ಕಳಿಂದ ಕವಲುಕಥೆ ಬರೆಸಿ. ಮೊದಲು ಹಾಳೆಯ ಮೇಲೆ ನಕ್ಷೆ ಹಾಕಿಸಿ, ಆಮೇಲೆ ಕಂಪ್ಯೂಟರಿಗೆ ಬನ್ನಿ.